ಚಿಲಕ ಹಾಕದ ಬಚ್ಚಲುಮನೆ

ನಾನು ಬಾಡಿಗೆಗಿರುವ ಬಿಟಿಎಂ ಲೇಔಟಿನ ರೂಮಿನಲ್ಲಿ ಬಚ್ಚಲುಮನೆಗೆ ಚಿಲಕ ಇರಲಿಲ್ಲ. ಹಿಂದೆ ಇದ್ದವರು ಯಾರೋ ಮುರಿದು ಹೋಗಿದ್ದರು. ರೂಮು ತೋರಿಸಲು ಬಂದ ಓನರ್ ಮುನಿರಾಜು ಅಂಕಲ್ ಬಾಲ್ಕನಿ ತೋರಿಸಿದರು, ಅಲ್ಲಿಂದ ಕಾಣುವ ಒಂದೇ ಒಂದು ತೆಂಗಿನಮರ ತೋರಿಸಿದರು, ಸೋಲಾರ್ ಬಿಸಿನೀರಿನ ಮಹಿಮೆಯನ್ನು ಹೊಗಳಿದರು. ಬಚ್ಚಲುಮನೆಯ ಹತ್ತಿರ ಬಂದಾಗ ಮಾತ್ರ ಚಿಲಕವಿದ್ದ ಜಾಗವನ್ನು ಬೆನ್ನಿನಿಂದ ಮರೆಮಾಡಿಕೊಂಡು ನಿಂತರು. ಬಾಗಿಲು ತಾನಾಗಿಯೇ ತೆರೆದುಕೊಂಡು ಅವರನ್ನು ಹಿಂದಿನಿಂದ ಮೆಲ್ಲಗೆ ತಟ್ಟಿತು.

"ಇದೊಂದ್ ಚಿಲಕ ಹಾಕಿಸ್ಕೊಡ್ತೀನಿ. ಕಾರ್ಪೆಂಟರ್‌ಗೆ ಹೇಳಿದೀನಿ, ನೆಕ್ಸ್ಟ್ ವೀಕ್" ಎಂದರು.

"ಬೇಡ ಅಂಕಲ್, ಇರ್ಲಿ ಬಿಡಿ."

"ಬೇಡ್ವಾ?" ಎಂದು ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನೀರು ಬರಲ್ಲ, ವೈಫೈ ಬರಲ್ಲ, ಪಾರ್ಕಿಂಗ್ ಇಲ್ಲ ಎಂದು ಗೊಣಗುವವರನ್ನು ಅವರು ಜೀವಮಾನವಿಡೀ ನೋಡಿದ್ದಾರೆ. ಕೊಡುತ್ತೇನೆ ಎಂದದ್ದನ್ನು ಬೇಡವೆಂದವನು ಬಹುಶಃ ನಾನೇ ಮೊದಲಿಗ. "ಒಬ್ನೇ ಇರೋದ್ ತಾನೆ? ಮತ್ತೆ ಯಾರಾದ್ರೂ ಬರ್ತಾರಾ?"

"ಯಾರೂ ಬರಲ್ಲ ಅಂಕಲ್. ಅದಕ್ಕೇ."

ಏನು ಅದಕ್ಕೇ ಎಂದು ಅವರು ಕೇಳಲಿಲ್ಲ. ಯೋಚಿಸಿ ನೋಡಿದರೆ ನನ್ನ ಈ ಅಭ್ಯಾಸಕ್ಕೆ ತಲೆಬುಡವಿಲ್ಲ. ಬಚ್ಚಲುಮನೆಯಲ್ಲಿ ಜಾರಿ ಬಿದ್ದರೆ ಯಾರಾದರೂ ಒಳಗೆ ಬಂದು ಎತ್ತಲಿ ಎಂದು ಅದರ ಬಾಗಿಲನ್ನು ತೆರೆದಿಡುತ್ತೇನೆ. ಮುಂಬಾಗಿಲಿಗೆ ಮಾತ್ರ ಡಬಲ್ ಲಾಕ್ ಹಾಕುತ್ತೇನೆ. ನನ್ನನ್ನು ಎತ್ತಲು ಬರುವವರು ಗೋಡೆಯೊಳಗಿಂದಲೇ ಹಾದು ಬರಬೇಕು. ಇಂಥ ಬುದ್ಧಿ ನನಗೆ ಎಲ್ಲಿಂದ ಬಂತು ಎಂದರೆ ಹನುಮಂತನಗರದಿಂದ ಬಂತು, ಅತ್ತಜ್ಜಿಯಿಂದ ಬಂತು.

ಅತ್ತಜ್ಜಿ ನಮ್ಮಪ್ಪನ ಸೋದರತ್ತೆ. ಅಪ್ಪನಿಗೆ ಅತ್ತೆ, ನನಗೆ ಅಜ್ಜಿ. ಚಿಕ್ಕವನಿದ್ದಾಗ ಎರಡರಲ್ಲಿ ಯಾವುದನ್ನು ಕರೆಯಬೇಕೆಂದು ತಿಳಿಯದೆ ಎರಡನ್ನೂ ಸೇರಿಸಿ ಕರೆದೆ, ಅದೇ ನಿಂತಿತು. ಪ್ರೈಮರಿ ಸ್ಕೂಲಿನಲ್ಲಿ ಟೀಚರಾಗಿದ್ದು ರಿಟೈರ್ ಆದವರು. ಮದುವೆಯಾಗಿರಲಿಲ್ಲ. ಅವರು ರಿಟೈರ್ ಆದರೂ ಗಂಟಲು ರಿಟೈರ್ ಆಗಿರಲಿಲ್ಲ. ಮನೆಯಲ್ಲಿ ಇದ್ದವನು ನಾನೊಬ್ಬನೇ ಆದರೂ, ಕೊನೆಯ ಬೆಂಚಿಗೂ ಕೇಳಿಸಲಿ ಎಂಬಂತೆ ಮಾತಾಡುತ್ತಿದ್ದರು. "ಪುಟ್ಟಾ, ಕಾಫಿ!" ಎಂದರೆ ಕೆಳಗಿನ ಮನೆಯ ವಿಶಾಲಾಕ್ಷಮ್ಮ "ನಂಗೂ!" ಎಂದು ಕೂಗುತ್ತಿದ್ದರು.

ನನ್ನ ನೆನಪಿನ ಮೊದಲ ಅತ್ತಜ್ಜಿ ಎಂದರೆ ಕಣ್ಣುರಿ. ಬೇಸಿಗೆ ರಜೆಯಲ್ಲಿ ಅವರು ಅರಸೀಕೆರೆಯ ನಮ್ಮ ಮನೆಗೆ ಬರುತ್ತಿದ್ದರು. ಬಂದ ಮೊದಲ ಭಾನುವಾರವೇ ನನ್ನನ್ನು ಹಿಡಿದು ಎಣ್ಣೆ ಹಚ್ಚಿ ಹಂಡೆಯ ಮುಂದೆ ಕೂರಿಸುತ್ತಿದ್ದರು. ಸೀಗೆಪುಡಿ ಕಣ್ಣಿಗೆ ಬಿದ್ದು ನಾನು ಬಾಯಿ ತೆರೆದರೆ, ಆ ಬಾಯನ್ನು ಹಾಡಿಗೆ ತಿರುಗಿಸಿಬಿಡುವುದು ಅವರ ವಿದ್ಯೆ. ಹಾಡು ಅವರದ್ದೇ. ಒಂದನೇ ಕ್ಲಾಸಿನ ಮಕ್ಕಳಿಗೆ ತರಕಾರಿಯ ಹೆಸರು ಕಲಿಸಲು ಕಟ್ಟಿದ್ದು.

ಕುಂಬಳಕಾಯಿ ಮನೇಲಿ ಮದುವೆ, ಯಾರ್ಯಾರ್ ಬಂದ್ರಮ್ಮಾ?
ಬೆಂಡೇಕಾಯಿ ಬಳುಕುತ ಬಂತು, ಕುರ್ಚಿ ಹಾಕ್ರಮ್ಮಾ.
ಸೌತೇಕಾಯಿ ಬೆವರುತ ಬಂತು, ಗಾಳಿ ಬೀಸ್ರಮ್ಮಾ.
ಪಡವಲಕಾಯಿ ಬಾಗಿಲಿಗ್ ತಗುಲ್ತು, ಬಗ್ಗಿ ಬಾ ಅನ್ರಮ್ಮಾ.

ಹೀಗೇ ಮಾರ್ಕೆಟ್ಟೆಲ್ಲ ಮೆರವಣಿಗೆಯಲ್ಲಿ ಬರುತ್ತಿತ್ತು. ಒಂದೊಂದು ತರಕಾರಿಗೂ ಒಂದೊಂದು ಚೊಂಬು ಬಿಸಿನೀರು. ಎಲ್ಲರೂ ಬಂದು ಕೂತ ಮೇಲೆ ಕಡೆಗೆ ಒಬ್ಬ ಅತಿಥಿ:

ಹಾಗಲಕಾಯಿ ಕರೀದೇ ಬಂತು, ಎಲೆ ಹಾಕಿ ಬಡಿಸ್ರಮ್ಮಾ.

ಅಲ್ಲಿಗೆ ಕೊನೆಯ ಚೊಂಬು. ಅದನ್ನು ತಲೆಯ ಸುತ್ತ ನಿವಾಳಿಸಿ ಸುರಿದರೆ ಸ್ನಾನ ಮುಗಿಯಿತು. ಇಷ್ಟೆಲ್ಲ ಮದುವೆ ಮಾಡಿಸಿದವರು ನೀವು ಯಾಕೆ ಆಗಲಿಲ್ಲ ಎಂದು ದೊಡ್ಡವನಾದ ಮೇಲೆ ಒಮ್ಮೆ ಕೇಳಿದ್ದೆ. "ತರಕಾರಿಗೆಲ್ಲ ಮಾಡ್ಸೋದ್ರೊಳಗೆ ನಂಗೇ ಟೈಮ್ ಸಿಗ್ಲಿಲ್ಲ ಕಣೋ" ಎಂದು ನಕ್ಕು ಬೇರೆ ಕಡೆ ತಿರುಗಿದ್ದರು.

ಓದಲೆಂದು ಬೆಂಗಳೂರಿಗೆ ಬಂದ ನಾನು ಹನುಮಂತನಗರದ ಅವರ ಬಾಡಿಗೆ ಮನೆಗೇ ಬಂದಿಳಿದೆ. ಮೊದಲ ಬೆಳಿಗ್ಗೆ ಸ್ನಾನಕ್ಕೆ ಹೋಗಿ ಬಾಗಿಲು ಹಾಕಿ ಚಿಲಕಕ್ಕೆ ಕೈಯಾಡಿಸುತ್ತೇನೆ, ಚಿಲಕವೇ ಇಲ್ಲ. ಸ್ಕ್ರೂ ಹೊಡೆದಿದ್ದ ತೂತುಗಳಿಗೆ ಸವೆದ ಸೋಪಿನ ಚೂರು ತುರುಕಿ ಮಟ್ಟಸ ಮಾಡಿದ್ದರು.

"ಅತ್ತಜ್ಜಿ, ಚಿಲಕ?"

"ತೆಗೆಸಿದೀನಿ. ಈ ಮನೇಲಿ ಯಾರೂ ಚಿಲಕ ಹಾಕೋ ಹಾಗಿಲ್ಲ. ಬಾಗ್ಲು ಮುಂದಕ್ ತಳ್ಕೊಂಡು ಹಾಡ್ತಾ ಸ್ನಾನ ಮಾಡು. ಹಾಡು ಕೇಳ್ತಿದ್ರೆ ಯಾರೂ ಬರಲ್ಲ. ನಿಂತೋದ್ರೆ ಬರ್ತೀವಿ."

"ನಂಗೇನಾಗುತ್ತೆ ಅತ್ತಜ್ಜಿ, ನಂಗಿನ್ನೂ..."

"ಜಾರೋಕೆ ವಯಸ್ಸಾಗ್ಬೇಕಾ? ಹಾಡೋ!"

ಬಂದ ನೆಂಟರೆಲ್ಲರಿಗೂ ಇದೇ ಕಾನೂನು. ನಮ್ಮಪ್ಪ ಸಂಕೋಚದ ಮನುಷ್ಯ. ಅವರು ಹಾಡಿದ್ದನ್ನು ನಾನೂ ಕೇಳಿಲ್ಲ, ಅಮ್ಮನೂ ಕೇಳಿಲ್ಲ. ಅವರು ಬೆಂಗಳೂರಿಗೆ ಬಂದಾಗ ಸ್ನಾನಕ್ಕೆ ಕೂತು ಹದಿಮೂರರ ಮಗ್ಗಿ ಹೇಳುತ್ತಿದ್ದರು. ಹದಿಮೂರೇ ಯಾಕೆಂದರೆ ಅದು ಸ್ವಲ್ಪ ಕಷ್ಟ, ಹಾಗಾಗಿ ಸ್ನಾನ ಮುಗಿಯುವವರೆಗೂ ಬರುತ್ತದಂತೆ. ಹೊರಗೆ ಅತ್ತಜ್ಜಿ ಒಂದೊಂದು ಗುಣಾಕಾರಕ್ಕೂ "ಹೂಂ" ಎನ್ನುತ್ತಾ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು.

ಚಿಲಕ ಯಾಕೆ ತೆಗೆಸಿದರು ಎಂಬುದು ನನಗೆ ಗೊತ್ತಾದದ್ದು ಗುಡ್ಡದ ಮೇಲೆ. ಹನುಮಂತನಗರದ ಗುಡ್ಡದ ದೇವಸ್ಥಾನಕ್ಕೆ ಸಂಜೆ ಹೊತ್ತು ಅತ್ತಜ್ಜಿಯನ್ನು ಕೈಹಿಡಿದು ಹತ್ತಿಸುವುದು ನನ್ನ ಕೆಲಸ. ಪ್ರದಕ್ಷಿಣೆ ಮುಗಿಸಿ ಹೊರಗಿನ ಕಲ್ಲುಬೆಂಚಿನಲ್ಲಿ ಅವರು, ವಿಶಾಲಾಕ್ಷಮ್ಮ ಮತ್ತು ಶೇಷಾದ್ರಿ ಅಂಕಲ್ ಕೂರುತ್ತಿದ್ದರು. ಶೇಷಾದ್ರಿ ಅಂಕಲ್ ಬ್ಯಾಂಕಿನಲ್ಲಿದ್ದು ರಿಟೈರ್ ಆದವರು, ಹೆಂಡತಿ ಹೋಗಿ ಬಹಳ ಕಾಲವಾಗಿತ್ತು. ಯಾವಾಗಲೂ ಬಿಳಿ ಕ್ಯಾನ್ವಾಸ್ ಶೂ ಹಾಕಿರುತ್ತಿದ್ದರು. ಈ ವಯಸ್ಸಾದವರು ಕೂತು ಮಂಡಿನೋವು, ಸೊಸೆ, ಪೆನ್ಷನ್ ಎಂದು ಮಾತಾಡುತ್ತಾರೆಂದು ನಾನು ಅಂದುಕೊಂಡಿದ್ದೆ. ಅವರು ಮಾತಾಡುತ್ತಿದ್ದದ್ದು ಹೇಗೆ ಸಾಯಬೇಕು ಎಂಬುದನ್ನು. ಅದೂ ನಾವು ಗೋವಾ ಟ್ರಿಪ್ಪಿಗೆ ಪ್ಲಾನ್ ಹಾಕುತ್ತೇವಲ್ಲ, ಅಷ್ಟು ಹುರುಪಿನಿಂದ.

"ನಂದು ಸಿಂಪಲ್" ಎನ್ನುತ್ತಿದ್ದರು ಶೇಷಾದ್ರಿ ಅಂಕಲ್. "ವಾಕಿಂಗ್ ಮಾಡ್ತಿರ್ಬೇಕು. ಶೂ ಕಾಲಲ್ಲಿರ್ಬೇಕು. ಹಾಗೇ ಪಕ್ಕಕ್ ವಾಲ್ಬಿಡ್ಬೇಕು. ಡಾಕ್ಟ್ರು ಬರೋಕೂ ಟೈಮಿರ್ಬಾರ್ದು. ಆದ್ರೆ ಸೋಮವಾರ ಮಾತ್ರ ಬೇಡಪ್ಪ."

"ಸೋಮವಾರ ಶಿವನ ವಾರ ಅಲ್ವೇನ್ರೀ, ಒಳ್ಳೇದೇ ತಾನೆ?" ಎಂದರು ವಿಶಾಲಾಕ್ಷಮ್ಮ.

"ಶಿವಂದೇನೋ ಸರಿ. ನನ್ ಮಗ ಔಟರ್ ರಿಂಗ್ ರೋಡಲ್ಲಿ ಸಿಕ್ಕಾಕೊಂಡ್ರೆ? ಸಂಜೆ ತನಕ ನಾನು ಐಸ್ ಪೆಟ್ಟಿಗೇಲಿ ಕಾಯ್ಬೇಕು. ನಂಗ್ ಮೊದ್ಲೇ ಥಂಡಿ ಆಗಲ್ಲ."

ವಿಶಾಲಾಕ್ಷಮ್ಮನದು ಭರ್ಜರಿ ಏರ್ಪಾಡು. ಉತ್ತರಾಯಣವಾಗಿರಬೇಕು, ಬೆಳಗಿನ ಹೊತ್ತಾಗಿರಬೇಕು, ಯಾರಾದರೂ ಸಹಸ್ರನಾಮ ಓದುತ್ತಿರಬೇಕು, ಓದುವವರ ಉಚ್ಚಾರಣೆ ಚೆನ್ನಾಗಿರಬೇಕು. ಬಾಯಿಗೆ ತುಳಸಿ, ಗಂಗಾಜಲ. ಗಂಗಾಜಲವನ್ನು ಗಂಡನ ಜೊತೆ ಕಾಶಿಗೆ ಹೋಗಿದ್ದಾಗಲೇ ತಂದಿದ್ದರು. ಬಾಯಿಗೆ ಬೆಸುಗೆ ಹಾಕಿದ ಪುಟ್ಟ ತಾಮ್ರದ ಗಿಂಡಿ, ದೇವರ ಗೂಡಿನಲ್ಲಿ ಕೂತಿತ್ತು. ಹಬ್ಬ ಹಬ್ಬಕ್ಕೂ ಹುಣಸೆಹಣ್ಣು ಹಾಕಿ ಉಜ್ಜುವಾಗ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ಒಳಗೆ ನೀರಿನ ಸದ್ದು ಕೇಳಿದರೆ ಒಂದು ಸಮಾಧಾನ.

ಒಂದು ಗೌರಿಹಬ್ಬದ ಹಿಂದಿನ ದಿನ ಅಲ್ಲಾಡಿಸಿದರೆ ಸದ್ದೇ ಇಲ್ಲ. ಬೆಸುಗೆ ಹಾಗೇ ಇದೆ, ನೀರಿಲ್ಲ. ಮೇಲೆ ಬಂದು ನನ್ನ ಕಿವಿಗೂ ಹಿಡಿದು ಅಲ್ಲಾಡಿಸಿದರು. "ಕೇಳ್ಸತ್ತಾ ಪುಟ್ಟಾ? ಸ್ವಲ್ಪಾನಾದ್ರೂ?" ನನಗೆ ಏನೂ ಕೇಳಿಸಲಿಲ್ಲ. ಆ ಮುಖಕ್ಕೆ ಇಲ್ಲ ಎನ್ನುವುದು ಹೇಗೆ ಎಂದು ತಡವರಿಸುತ್ತಿದ್ದೆ.

ಅತ್ತಜ್ಜಿ ಗಿಂಡಿ ಈಸಿಕೊಂಡು ನೋಡಿದರು. "ಕಾದೂ ಕಾದೂ ಸಾಕಾಗಿ ಗಂಗೇನೇ ಹೊರಟೋದ್ಲು ಕಣ್ರೀ ವಿಶಾಲೂ. ಅಂದ್ರೆ ನಿಮ್ಗಿನ್ನೂ ಬೇಕಾದಷ್ಟು ಟೈಮಿದೆ."

"ನಿಮ್ಗೆಲ್ಲಾ ತಮಾಷೆ" ಎಂದು ವಿಶಾಲಾಕ್ಷಮ್ಮ ಕಣ್ಣೊರೆಸಿಕೊಂಡರೂ ಸೆರಗಿನೊಳಗೆ ನಗುತ್ತಿದ್ದರು. "ನಿಮ್ ಬಾಯಿಗೆ ಏನ್ ಬಿಡ್ಬೇಕ್ರೀ ಹಾಗಾದ್ರೆ?"

"ನಲ್ಲಿ ನೀರು. ಕಾವೇರಿ ಅಲ್ವಾ? ದಿನ ಬಿಟ್ಟು ದಿನ ಮನೆ ಬಾಗ್ಲಿಗೇ ಬರ್ತಾಳೆ. ಬರೋ ದಿನ ನೋಡ್ಕೊಂಡು ಹೋದ್ರಾಯ್ತು."

ಅವತ್ತು ಸಂಜೆ ಬೆಂಚಿನ ಮೇಲೆ ಅತ್ತಜ್ಜಿಯ ಸರದಿ ಬಂತು. ನೀವು ಮಾತ್ರ ಯಾವತ್ತೂ ಹೇಳಲ್ಲವಲ್ಲ ಟೀಚರ್ ಎಂದು ಶೇಷಾದ್ರಿ ಅಂಕಲ್ ಬಿಡಲಿಲ್ಲ. ಅತ್ತಜ್ಜಿ ಕೆಳಗಿನ ತಾರಸಿಗಳ ಕಡೆ ತಿರುಗಿದರು.

"ಬಾಗ್ಲು ಒಡೀಬಾರ್ದು" ಎಂದರು. ಅವರ ದನಿ ಇಷ್ಟು ಸಣ್ಣಗಾಗಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. "ನಮ್ ಸ್ಕೂಲಲ್ಲಿ ಒಬ್ರು ಟೀಚರಿದ್ರು. ನನ್ ಹಾಗೇ ಒಬ್ರೇ. ಬಚ್ಚಲಲ್ಲಿ ಬಿದ್ರು, ಒಳಗಿಂದ ಚಿಲಕ. ಸ್ಕೂಲಿಗೆ ಯಾಕ್ ಬಂದಿಲ್ಲ ಅಂತ ನಾವೇ ಹೋದ್ವಿ. ಬಾಗ್ಲು ಒಡೆದ್ರು. ಬೀದಿ ಜನಾ ಎಲ್ಲಾ ಬಗ್ಗಿ ಬಗ್ಗಿ ನೋಡಿದ್ರು. ಯಾವಾಗ್ಲೂ ಸೆರಗಿಗೆ ಪಿನ್ ಹಾಕ್ಕೊಂಡಿರ್ತಿದ್ದ ಹೆಂಗ್ಸು ಅವ್ರು. ನಾನು ನನ್ ಸೆರಗನ್ನೇ ಹರಡಿ ಅಡ್ಡ ನಿಂತ್ಕೊಂಡೆ."

ವಿಶಾಲಾಕ್ಷಮ್ಮ ತಮ್ಮ ಸೆರಗನ್ನು ಎಳೆದು ಸರಿಮಾಡಿಕೊಂಡರು.

"ಕೂಗಿರ್ತಾರೆ ಅಲ್ವಾ" ಎಂದರು ಅತ್ತಜ್ಜಿ. "ಕೇಳೋಕೆ ಯಾರೂ ಇರ್ಲಿಲ್ಲ, ಅಷ್ಟೇ. ನಂಗೆ ಉತ್ತರಾಯಣ ದಕ್ಷಿಣಾಯನ ಏನೂ ಬೇಡ. ಮೈಮೇಲೆ ಸೀರೆ ನೆಟ್ಟಗಿರ್ಲಿ. ಮನೇಲಿ ಯಾರದ್ದಾದ್ರೂ ದನಿ ಕೇಳಿಸ್ತಿರ್ಲಿ. ಅಷ್ಟು ಸಾಕು."

ಇಳಿಯುವಾಗ ನಾನು ಕೇಳಿದೆ, ನಾನು ಬರೋಕ್ಮುಂಚೆ ನೀವು ಹಾಡ್ತಿದ್ರಲ್ಲ, ಆಗ ಹೊರಗೆ ಯಾರು ಇರ್ತಿದ್ರು ಎಂದು. "ಯಾರಿರ್ತಾರೆ? ನಾನೇ ಹಾಡಿ ನಾನೇ ಹೂಂ ಅಂತಿದ್ದೆ. ಜೋಪಾನ, ಮೆಟ್ಲು" ಎಂದರು. ಕೈಹಿಡಿದಿದ್ದವನು ನಾನು, ಜೋಪಾನ ಎಂದವರು ಅವರು.

ಆಮೇಲಿಂದ ನಾನು ಈ ಹಾಡು ಕೇಳುವ ಕೆಲಸವನ್ನು ಮನಸ್ಸಿಟ್ಟು ಮಾಡತೊಡಗಿದೆ. ಬಾಗಿಲ ಹೊರಗಿನ ಬೆತ್ತದ ಕುರ್ಚಿಯಲ್ಲಿ ಕಾಫಿ ಹಿಡಿದು ಕೂತರೆ ಒಳಗೆ ಮದುವೆ ಶುರುವಾಗುತ್ತಿತ್ತು. ಬೆಂಡೆಕಾಯಿ ಎಂದರೆ ಕಾಲು ತೊಳೆಯುತ್ತಿದ್ದಾರೆ, ಬದನೆಕಾಯಿ ಎಂದರೆ ಸೋಪು. ಕೊನೆಯ ಸಾಲನ್ನು ನಾವು ಪಾಲು ಮಾಡಿಕೊಂಡೆವು. ಒಳಗಿದ್ದವರು "ಹಾಗಲಕಾಯಿ ಕರೀದೇ ಬಂತು" ಎಂದು ನಿಲ್ಲಿಸಬೇಕು. ಹೊರಗಿದ್ದವರು "ಎಲೆ ಹಾಕಿ ಬಡಿಸ್ರಮ್ಮಾ" ಎನ್ನಬೇಕು. ಕೇಳಿಸಿಕೊಂಡಿದ್ದೇನೆ, ಎಲ್ಲ ಸರಿಯಾಗಿದೆ, ಬರಬಹುದು ಎಂದು ಅರ್ಥ.

ಒಂದು ದಿನ ಸೌತೆಕಾಯಿ ಬೆವರುತ ಬಂತು, ಗಾಳಿ ಬೀಸಿದ್ದಾಯಿತು, ಆಮೇಲೆ ಸದ್ದಿಲ್ಲ. ನೀರಿನ ಸದ್ದೂ ಇಲ್ಲ. ಉಸಿರು ಹಿಡಿದು ಕಾದೆ. ಕೈಗೆ ಸಿಕ್ಕಿದ ಬೆಡ್‌ಶೀಟ್ ಹಿಡಿದುಕೊಂಡು, ಕಣ್ಣು ಮುಚ್ಚಿಕೊಂಡು, ಬಾಗಿಲು ತಳ್ಳಿ ನುಗ್ಗಿದೆ. ಕಣ್ಣು ಮುಚ್ಚಿದ್ದರಿಂದ ಬಕೆಟ್ ಎಡವಿ ನಾನೇ ಬಿದ್ದೆ. ತಲೆಯ ಮೇಲೆ ಪ್ಲಾಸ್ಟಿಕ್ ಮಗ್ ಬಂದು ಬಡಿಯಿತು.

"ಲೋ! ಯಾರೋ ನಿನ್ ಕರೆದಿದ್ದು?"

"ಹಾಡು ನಿಂತೋಯ್ತು ಅತ್ತಜ್ಜಿ!"

"ಸೌತೇಕಾಯಿ ಆದ್ಮೇಲೆ ಯಾರು ಅಂತ ಯೋಚ್ನೆ ಮಾಡ್ತಿದ್ದೆ ಕಣೋ! ಸತ್ತಿರ್ಲಿಲ್ಲ! ಕಣ್ಮುಚ್ಕೊಂಡೇ ಹೊರಗ್ ಹೋಗು!"

"ಪಡವಲಕಾಯಿ ಅತ್ತಜ್ಜಿ" ಎಂದೆ, ತೆವಳಿಕೊಂಡು ಹೊರಬರುತ್ತಾ.

"ಹಾಂ, ಪಡವಲಕಾಯಿ!" ಎಂದು ಮದುವೆ ಮುಂದುವರಿಯಿತು. ಸಂಜೆ ಬೆಂಚಿನಲ್ಲಿ ಈ ಕಥೆ ಕೇಳಿ ಶೇಷಾದ್ರಿ ಅಂಕಲ್ ಕೆಮ್ಮು ಬರುವಷ್ಟು ನಕ್ಕರು. "ಟೀಚರ್, ನಿಮ್ದು ರಿಹರ್ಸಲ್ ಮುಗೀತು ಬಿಡಿ. ನಮ್ಗೆ ಅದೂ ಆಗಿಲ್ಲ" ಎಂದರು.

ಹಾಗಾಗಿ ಕಾನೂನು ತಿದ್ದುಪಡಿಯಾಯಿತು. ಸದ್ದು ನಿಂತರೆ ಕೂಡಲೇ ನುಗ್ಗಬಾರದು. ಮೊದಲು ಹೊರಗಿನಿಂದ ಮುಂದಿನ ಸಾಲು ಹೇಳಿಕೊಡಬೇಕು. ಹೇಳಿಕೊಟ್ಟರೂ ಉತ್ತರ ಬರದಿದ್ದರೆ ಆಮೇಲೆ ಬೆಡ್‌ಶೀಟ್.

ನಾನು ಹೇಳಿಕೊಡುತ್ತಾ ಹೋದೆ. ಮೊದಮೊದಲು ಪಡವಲಕಾಯಿ ಮಾತ್ರ ಮರೆಯುತ್ತಿತ್ತು. ಆಮೇಲೆ ಹೀರೆಕಾಯಿ, ಆಮೇಲೆ ಬದನೆಕಾಯಿ. ಕೆಲವು ದಿನ ಕುಂಬಳಕಾಯಿ ಮನೆಯ ಮದುವೆಗೆ ಒಬ್ಬರೂ ಬರುತ್ತಿರಲಿಲ್ಲ. ನಾನೇ ಒಬ್ಬೊಬ್ಬರನ್ನಾಗಿ ಕರೆತಂದು ಕೂರಿಸುತ್ತಿದ್ದೆ, ಒಳಗಿನಿಂದ ಒಂದೊಂದು ಮಗ್ ನೀರಿನ ಸದ್ದು ಬರುತ್ತಿತ್ತು. ಒಂದು ಬೆಳಿಗ್ಗೆ ನಾನು ಹಾಡಿ ನಿಲ್ಲಿಸಿದಾಗ ಒಳಗಿನಿಂದ ದನಿ ಬಂತು: "ಪುಟ್ಟಾ, ಯಾರದ್ದೋ ಈ ಹಾಡು? ಚೆನ್ನಾಗ್ ಕಟ್ಟಿದಾರೆ."

ನಾನು ಕಾಫಿ ಲೋಟ ಕೆಳಗಿಟ್ಟೆ. "ನಿಮ್ದೇ ಅತ್ತಜ್ಜಿ" ಎಂದೆ.

"ಹೌದಾ?" ಒಂದು ಮಗ್ ನೀರು ಸುರಿದ ಸದ್ದು ಬಂತು. "ಹಾಗಾದ್ರೆ ಚೆನ್ನಾಗಿರ್ಲೇಬೇಕು."

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು, ಮಾತ್ರೆ ಬಂತು, ಮಾತ್ರೆ ತೆಗೆದುಕೊಳ್ಳುವುದನ್ನೇ ಮರೆಯುವುದೂ ಬಂತು. ಆದರೆ ಆಶ್ಚರ್ಯ ಏನೆಂದರೆ ನಾನು ಸ್ನಾನಕ್ಕೆ ಹೋದಾಗ, ನನ್ನ ಪಾಲಿನ "ಹಾಗಲಕಾಯಿ ಕರೀದೇ ಬಂತು" ಮುಗಿಯುವುದೇ ತಡ, ಹೊರಗಿನಿಂದ ಕ್ಲಾಸ್‌ರೂಮಿನ ದನಿಯಲ್ಲಿ ಉತ್ತರ ಬರುತ್ತಿತ್ತು. ನನ್ನ ಹೆಸರು ಮರೆತು ಅಪ್ಪನ ಹೆಸರು ಹಿಡಿದು ಕರೆದ ದಿನವೂ ಬಂತು. ಆ ಒಂದು ಅರ್ಧ ಸಾಲನ್ನು ಮಾತ್ರ ಅವರು ಒಂದು ದಿನವೂ ತಪ್ಪಿಸಲಿಲ್ಲ.

ಅದು ಅವರೆಕಾಯಿ ಕಾಲ. ಬೀದಿಯೆಲ್ಲ ಸೊಗಡಿನ ವಾಸನೆ. ಅತ್ತಜ್ಜಿಗೆ ಹಿತಕಿದ ಬೇಳೆ ಸಾರು ಎಂದರೆ ಜೀವ, ಮರೆವಿನ ನಡುವೆಯೂ ಕೈಗೆ ಆ ಕೆಲಸ ನೆನಪಿತ್ತು. ಅವತ್ತು ಬೆಳಿಗ್ಗೆ ಬೇಗ ಎದ್ದು ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟು, ನೆನೆಸಿದ್ದ ಅವರೆಕಾಳಿನ ಪಾತ್ರೆ ಇಟ್ಟುಕೊಂಡು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ನಲ್ಲಿ ನೀರು ಬರುವ ದಿನ. ಬಚ್ಚಲಿನ ಡ್ರಮ್ಮು ತುಂಬಿಸಿ ನಾನು ಸ್ನಾನಕ್ಕೆ ಹೊರಟಾಗ, "ಜೋರಾಗ್ ಹಾಡು, ನಿನ್ನೆ ಏನೂ ಕೇಳಿಸ್ಲಿಲ್ಲ" ಎಂದರು.

ನಾನು ಹಾಡಿದೆ. ಹೊರಗೆ ಅವರು ಕಾಳನ್ನು ಹಿತಕಿ ಸ್ಟೀಲ್ ಬಟ್ಟಲಿಗೆ ಹಾಕುವ ಸದ್ದು ಟಕ್, ಟಕ್ ಎಂದು ತಾಳದ ಹಾಗೆ ಬರುತ್ತಿತ್ತು. ಬೆಂಡೆಕಾಯಿಗೆ ಕುರ್ಚಿ ಹಾಕಿದೆ. ಪಡವಲಕಾಯಿ ಬಗ್ಗಿ ಬಂತು. ಮುಖದ ತುಂಬ ಸೋಪು, ಕಣ್ಣು ಮುಚ್ಚಿಕೊಂಡು ಗಂಟಲು ಬಿಟ್ಟು ಹಾಡುತ್ತಿದ್ದೆ. ಯಾವ ತರಕಾರಿಗೆ ಟಕ್ ಎನ್ನುವುದು ನಿಂತಿತೋ ನನಗೆ ತಿಳಿಯದು.

"ಹಾಗಲಕಾಯಿ ಕರೀದೇ ಬಂತು..."

ಉತ್ತರವಿಲ್ಲ.

ಹಿಂದೊಮ್ಮೆ ನಾನು ನುಗ್ಗಿ ಬಕೆಟ್ ಎಡವಿದ್ದಕ್ಕೆ ಈಗ ಸೇಡು ತೀರಿಸಿಕೊಳ್ಳುತ್ತಿದ್ದಾರೆ ಎಂದುಕೊಂಡೆ. "ಅತ್ತಜ್ಜೀ, ಎಲೆ ಹಾಕಿ!" ಎಂದು ನಗುತ್ತಾ ಕೂಗಿದೆ. ಮತ್ತೊಮ್ಮೆ ಸಾಲು ಹಾಡಿದೆ. ಆಮೇಲೆ ಟವೆಲ್ ಸುತ್ತಿಕೊಂಡು ಸೋಪಿನ ಮುಖದಲ್ಲೇ ಬಾಗಿಲು ಎಳೆದು ಹೊರಗೆ ಬಂದೆ. ನೀರು ತುಂಬಿದ ಮಗ್ ಕೈಯಲ್ಲೇ ಇತ್ತು.

ಅತ್ತಜ್ಜಿ ಕುರ್ಚಿಗೆ ತಲೆಯಾನಿಸಿದ್ದರು. ಮಡಿಲಲ್ಲಿ ಬಟ್ಟಲು. ಸೆರಗು ನೆಟ್ಟಗಿತ್ತು. ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಕಾಳು, ಸಿಪ್ಪೆಯಿಂದ ಅರ್ಧ ಹೊರಗೆ ಬಂದಿತ್ತು. ಹುಬ್ಬು ಸ್ವಲ್ಪ ಗಂಟಿಕ್ಕಿತ್ತು. ಪಡವಲಕಾಯಿಯನ್ನು ಹುಡುಕುವಾಗ ಅವರ ಮುಖ ಹಾಗೇ ಆಗುತ್ತಿತ್ತು. ಹಾಗಾಗಿ ನನಗೆ ಆ ಕ್ಷಣಕ್ಕೆ ತೋಚಿದ್ದು ಒಂದೇ, ಮರೆತುಬಿಟ್ಟಿದ್ದಾರೆ ಎಂದು. ಪಕ್ಕದಲ್ಲಿ ಕೂತು ಕಿವಿಯ ಹತ್ತಿರ ಮೆಲ್ಲಗೆ ಹೇಳಿಕೊಟ್ಟೆ. "ಎಲೆ ಹಾಕಿ ಬಡಿಸ್ರಮ್ಮಾ, ಅತ್ತಜ್ಜಿ. ಎಲೆ ಹಾಕಿ."

ತುಟಿ ಅಲುಗಿದ ಹಾಗಾಯಿತು. ಅಲುಗಿತೋ, ನನಗೆ ಬೇಕಾಗಿದ್ದರಿಂದ ಹಾಗೆ ಕಂಡಿತೋ, ಇವತ್ತಿಗೂ ಗೊತ್ತಿಲ್ಲ. ಮಗ್ಗಿನಿಂದ ಅಂಗೈಗೆ ನೀರು ಸುರಿದುಕೊಂಡು ಬಾಯಿಗೆ ಬಿಟ್ಟೆ. ಸ್ವಲ್ಪ ಒಳಗೆ ಹೋಯಿತು, ಉಳಿದದ್ದು ಗಲ್ಲದ ಮೇಲೆ ಇಳಿದು ಹಸಿರು ಸೀರೆಯನ್ನು ಒದ್ದೆ ಮಾಡಿತು. ಆಮೇಲೆ ನಾನು ವಿಶಾಲಾಕ್ಷಮ್ಮನನ್ನು ಕೂಗಿದೆ. ಅವರು "ನಂಗೂ!" ಎಂದರು. ಪಾಪ, ಕಾಫಿ ಎಂದುಕೊಂಡಿದ್ದರು.

ಅವರು ಮೇಲೆ ಬಂದು ನೋಡಿದರು. ಬಾಗಿಲಿಗೆ ಒರಗಿದರು. "ಸಂಕ್ರಾಂತಿ ತನಕ ಕಾಯ್ಬಾರ್ದಿತ್ತೇನ್ರೀ" ಎಂದು ಅತ್ತಜ್ಜಿಯನ್ನೇ ಕೇಳಿದರು. ಆಮೇಲೆ ಅವರ ಕೈಯಿಂದ ಆ ಕಾಳನ್ನು ಬಿಡಿಸಿ, ಪೂರ್ತಿ ಹಿತಕಿ ಬಟ್ಟಲಿಗೆ ಹಾಕಿದರು.

ಶೇಷಾದ್ರಿ ಅಂಕಲ್ ಬಂದಾಗ ವಾಕಿಂಗ್ ಶೂ ಹಾಕಿಕೊಂಡೇ ಬಂದಿದ್ದರು. ಮೆಟ್ಟಿಲ ಹತ್ತಿರ ಬಿಚ್ಚಲು ಹೋದರೆ ಲೇಸು ಗಂಟಾಯಿತು, ನಾನು ಬಿಚ್ಚಿಕೊಟ್ಟೆ. "ಕ್ಯೂನಲ್ಲಿ ನಾನ್ ಮುಂದಿದ್ದೆ" ಎಂದರು ಯಾರಿಗೂ ಅಲ್ಲದೆ. "ಟೀಚರಾಗಿ ಹಿಂಗ್ ನುಗ್ಗಬಹುದಾ?"

ಎಲ್ಲ ಮುಗಿದ ಮೇಲೆ ಮನೆ ಖಾಲಿ ಮಾಡುವುದಷ್ಟೇ ಉಳಿಯಿತು. ಸಾಮಾನು ಕಟ್ಟಲು ಅಪ್ಪ ಉಳಿದುಕೊಂಡಿದ್ದರು. ಹೊರಡುವ ದಿನ ಬೆಳಿಗ್ಗೆ ಅವರು ಸ್ನಾನಕ್ಕೆ ಹೋದರು. ಬಾಗಿಲು ಮುಂದಕ್ಕೆ ತಳ್ಳಿಕೊಂಡದ್ದು ಕೇಳಿಸಿತು, ಆಮೇಲೆ ಹದಿಮೂರೊಂದ್ಲ ಹದಿಮೂರು. ಕಾನೂನು ಮಾಡಿದವರೇ ಇಲ್ಲ, ಅಪ್ಪ ಮಾತ್ರ ತಪ್ಪಲಿಲ್ಲ. ನಾನು ಹೋಗಿ ಬೆತ್ತದ ಕುರ್ಚಿಯಲ್ಲಿ ಕೂತೆ. ಹದಿಮೂರಾರ್ಲ ಎಪ್ಪತ್ತೆಂಟು ಆಯಿತು. "ಹದಿಮೂರೇಳ್ಲ..." ಎಂದವರು ನಿಂತರು. ನೀರಿನ ಸದ್ದಿಲ್ಲ. ಮೂಗೆಳೆದುಕೊಂಡ ಸದ್ದು.

"ತೊಂಬತ್ತೊಂದು ಅಪ್ಪ" ಎಂದೆ.

"ಹೂಂ, ತೊಂಬತ್ತೊಂದು" ಎಂದರು ಅಪ್ಪ. ಮಗ್ಗಿ ಮುಂದೆ ಸಾಗಿತು.

ಆ ಹೊತ್ತಿಗೆ ಓದು ಮುಗಿದು ಕೆಲಸ ಸಿಕ್ಕಿತ್ತು, ಅಲ್ಲಿಂದ ಬಿಟಿಎಂಗೆ ಬಂದೆ. ಇಲ್ಲಿ ಎಲ್ಲ ಇದೆ. ಬಾಗಿಲಿಗೇ ಊಟ ಬರುತ್ತದೆ, ತರುವವನ ಮುಖ ನೋಡುವುದೂ ಬೇಕಿಲ್ಲ. ಭಾನುವಾರ ಇಡೀ ದಿನ ಒಂದು ಮಾತೂ ಆಡದೆ ಕಳೆದು, ಸೋಮವಾರ ಆಫೀಸಿನಲ್ಲಿ ಗುಡ್ ಮಾರ್ನಿಂಗ್ ಎಂದಾಗ ಗಂಟಲು ಕರಕರ ಎನ್ನುತ್ತದೆ. ಗುಡ್ಡದ ಬೆಂಚಿನ ನೆನಪಾಗಿ ಒಂದೆರಡು ಬಾರಿ ಹನುಮಂತನಗರಕ್ಕೆ ಹೋಗಿ ಬಂದೆ. ವಿಶಾಲಾಕ್ಷಮ್ಮನನ್ನು ಮಗಳು ಮೈಸೂರಿಗೆ ಕರೆದುಕೊಂಡು ಹೋಗಿದ್ದಾಳೆ. ಖಾಲಿ ಗಿಂಡಿಯನ್ನೂ ತೆಗೆದುಕೊಂಡು ಹೋದರಂತೆ. ಶೇಷಾದ್ರಿ ಅಂಕಲ್ ಒಬ್ಬರೇ ಕೂತಿರುತ್ತಾರೆ, ಶೂ ಹಾಕಿಕೊಂಡು. ಪ್ಲಾನಿನ ಬಗ್ಗೆ ಕೇಳಿದರೆ, "ಒಬ್ನೇ ಏನ್ ಪ್ಲಾನ್ ಹಾಕೋದಪ್ಪ, ಮಜಾ ಇರಲ್ಲ" ಎನ್ನುತ್ತಾರೆ.

ನಾನು ಇಪ್ಪತ್ತು ದಾಟಿ ಕೆಲವೇ ವರ್ಷವಾದವನು, ಸಾವಿನ ಬಗ್ಗೆ ನನಗೇನು ಗೊತ್ತು ಎಂದು ನೀವು ಕೇಳಬಹುದು. ಗೊತ್ತಿಲ್ಲ, ನಿಜ. ಹೇಗೆ ಸಾಯಬೇಕು ಎಂದು ನಾನು ಇನ್ನೂ ಯೋಚಿಸಿಲ್ಲ. ಆದರೆ ಸ್ನಾನಕ್ಕೆ ಹೋದರೆ ಬಾಗಿಲು ಮುಂದಕ್ಕೆ ತಳ್ಳಿ ಹಾಡಲು ಶುರುಮಾಡುತ್ತೇನೆ, ಬಾಯಿ ತಾನಾಗಿಯೇ ಶುರುಮಾಡುತ್ತದೆ. ಎಲ್ಲರೂ ಬರುತ್ತಾರೆ, ಕೂರುತ್ತಾರೆ. "ಹಾಗಲಕಾಯಿ ಕರೀದೇ ಬಂತು" ಎಂದು ನಿಲ್ಲಿಸುತ್ತೇನೆ. ಉಳಿದರ್ಧವನ್ನೂ ನಾನೇ ಹಾಡಿಕೊಳ್ಳಬಹುದು, ಅತ್ತಜ್ಜಿ ಅಷ್ಟು ವರ್ಷ ಹಾಗೇ ಮಾಡಿದ್ದರಲ್ಲ. ನನಗೆ ಆಗುವುದಿಲ್ಲ. ಬಾಗಿಲ ಆಚೆಗೊಮ್ಮೆ ಕಿವಿಗೊಡುತ್ತೇನೆ. ಆಮೇಲೆ ನಲ್ಲಿ ಬಿಡುತ್ತೇನೆ.

ಮೊನ್ನೆ ಮುನಿರಾಜು ಅಂಕಲ್, ನಾನು ಬೇಡ ಎಂದಿದ್ದರೂ, ತಮ್ಮ ಬಳಿಯ ಇನ್ನೊಂದು ಕೀಯಿಂದ ಬಾಗಿಲು ತೆಗೆಸಿ ಮಾತು ಉಳಿಸಿಕೊಂಡರು. ಆಫೀಸಿನಿಂದ ಬಂದು ನೋಡಿದರೆ ಬಚ್ಚಲುಮನೆಗೆ ಹೊಸ ಸ್ಟೀಲ್ ಚಿಲಕ, ಫಳಫಳ ಎನ್ನುತ್ತಿದೆ. ಮರುದಿನ ಬೆಳಿಗ್ಗೆ ಅದನ್ನು ಒಮ್ಮೆ ಹಾಕಿ ನೋಡಿದೆ, ಸದ್ದಿಲ್ಲದೆ ಸರಿಯಿತು. ತೆಗೆದೆ. ಬಾಗಿಲು ಮುಂದಕ್ಕೆ ತಳ್ಳಿ ಮದುವೆ ಶುರುಮಾಡಿದೆ.

ನಮ್ಮ ಕಟ್ಟಡಕ್ಕೂ ಪಕ್ಕದ ಪಿಜಿ ಕಟ್ಟಡಕ್ಕೂ ನಡುವೆ ಕೈ ಚಾಚಿದರೆ ಗೋಡೆ ಸಿಗುವಷ್ಟೇ ಜಾಗ. ಎರಡೂ ಕಡೆಯ ಬಚ್ಚಲುಮನೆಯ ಗಾಳಿಕಿಂಡಿಗಳು ಎದುರುಬದುರು. ಅಲ್ಲಿಂದ ಸಾಮಾನ್ಯವಾಗಿ ಶಾಂಪೂ ವಾಸನೆ ಬರುತ್ತದೆ, ಬಕೆಟ್ ತುಂಬುವ ಸದ್ದು ಬರುತ್ತದೆ. ಅವತ್ತು ನಾನು ಹಾಗಲಕಾಯಿಯ ಹತ್ತಿರ ಬಂದು ನಿಲ್ಲಿಸಿದಾಗ ಒಂದು ಗಂಡು ದನಿ ಬಂತು.

"ಗುರೂ!"

ನಾನು ಬೆಚ್ಚಿಬಿದ್ದೆ. "ಯಾರು?"

"ನಾನು ಪಕ್ಕದ್ ಪಿಜಿ. ಹಾಗಲಕಾಯಿ ಕರೀದೇ ಬಂತು, ಸರಿ. ಆಮೇಲೇನಾಯ್ತು? ದಿನಾ ಅಲ್ಲಿಗೇ ತಂದು ನಿಲ್ಲಿಸ್ತೀಯಲ್ಲ ಗುರು, ನಂಗಿಲ್ಲಿ ತಲೆ ಕೆಟ್ಟೋಗ್ತಿದೆ. ಏನ್ಮಾಡಿದ್ರು ಅದಕ್ಕೆ? ಹೊಡೆದ್ ಓಡಿಸಿದ್ರಾ?"

ಸೋಪು ಕಣ್ಣಿಗೆ ಇಳಿದಿತ್ತು. ಗಾಳಿಕಿಂಡಿಯ ಕಡೆ ಮುಖ ಎತ್ತಿದೆ.

"ಇಲ್ಲ ಗುರು" ಎಂದೆ. "ಎಲೆ ಹಾಕಿ ಬಡಿಸಿದ್ರು."